ಹೃದಯಬಡಿತದ ಗಡಿಯಾರ

ಓಡುವಾಗ, ಬಿರುಸಾಗಿ ನಡೆಯುವಾಗ, ಸೈಕಲ್ ತುಳಿಯುವಾಗ ಹೃದಯ ನಿಮಿಷಕ್ಕೆ ಎಷ್ಟು ಸಲ ಬಡಿಯುತ್ತಿದೆ ಎಂಬುದನ್ನು ಆಗಿಂದಾಗಲೇ ಎಣಿಸಿ ತೋರಿಸುವ ಕೈಗಡಿಯಾರ. ಎದೆಗೆ ಕಟ್ಟಿದ ಪಟ್ಟಿಯಿಂದ ಸಂಕೇತ ಪಡೆಯುವುದು ಇದರ ಹಳೆಯ ರೂಪ. ಮಣಿಕಟ್ಟಿನ ಚರ್ಮಕ್ಕೆ ಹಸಿರು ಬೆಳಕು ಹಾಯಿಸಿ ತಾನೇ ಎಣಿಸಿಕೊಳ್ಳುವುದು ಈಗ ಎಲ್ಲೆಡೆ ಕಾಣುವ ರೂಪ. ಒಂದು ಕಾಲಕ್ಕೆ ದೊಡ್ಡ ತಂಡಗಳ ತರಬೇತುದಾರರ ಬಳಿಯಷ್ಟೇ ಇದ್ದ ಸಾಧನ ಇಂದು ಕೆಲವು ಸಾವಿರ ರೂಪಾಯಿಗೆ ಸಿಗುತ್ತದೆ. ಬೆಂಗಳೂರಿನ ಕಬ್ಬನ್ ಪಾರ್ಕಿನಲ್ಲಿ, ಮೈಸೂರಿನ ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ಬೆಳಗ್ಗೆ ಓಡುವವರ ಕೈಯಲ್ಲಿ ಅದು ಸಾಮಾನ್ಯ ವಸ್ತುವಾಗಿದೆ. ಇದರ ಬಗೆಗಿನ ಚರ್ಚೆ ಹೆಚ್ಚಾಗಿ ‘ಲೆಕ್ಕ ಸರಿಯಿದೆಯೇ’ ಎಂಬ ಒಂದೇ ಪ್ರಶ್ನೆಯ ಸುತ್ತ ತಿರುಗುತ್ತದೆ. ಆದರೆ ಇರುವ ಸಾಕ್ಷ್ಯಗಳನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದರೆ, ಎಣಿಕೆಯಲ್ಲಿ ಆಗುವ ತಪ್ಪಿಗಿಂತ ಆ ಎಣಿಕೆಯನ್ನು ಓದಲು ಬಳಸುವ ಅಳತೆಗೋಲಿನ ತಪ್ಪು ದೊಡ್ಡದು ಎಂದು ತೋರುತ್ತದೆ. ಗಡಿಯಾರ ತೋರಿಸುವ ಸಂಖ್ಯೆಗೆ ಅರ್ಥ ಬರುವುದು ಅದೇ ವ್ಯಕ್ತಿಯ ಕಳೆದ ವಾರದ, ಕಳೆದ ತಿಂಗಳ ಸಂಖ್ಯೆಗಳ ಪಕ್ಕದಲ್ಲಿ ಇಟ್ಟಾಗ. ವಯಸ್ಸಿನಿಂದ ಲೆಕ್ಕ ಹಾಕಿ ಮೊದಲೇ ತುಂಬಿಸಿಟ್ಟ ವಲಯಗಳ ಪಕ್ಕದಲ್ಲಿ ಇಟ್ಟರೆ ಅದೇ ಸಂಖ್ಯೆ ಅನೇಕರನ್ನು ದಾರಿ ತಪ್ಪಿಸುತ್ತದೆ.

ನಾಡಿ ಹಿಡಿದು ದೇಹಸ್ಥಿತಿ ತಿಳಿಯುವ ರೂಢಿ ನಮ್ಮಲ್ಲಿ ಹಳೆಯದು. ಆಯುರ್ವೇದದ ಶಾರ್ಙ್ಗಧರ ಸಂಹಿತೆಯಲ್ಲಿ ನಾಡಿಪರೀಕ್ಷೆಯ ವಿವರವಿದೆ. ಅಲ್ಲಿ ಮುಖ್ಯವಾದದ್ದು ನಾಡಿಯ ನಡೆ, ಅದು ಹಾವಿನಂತೆ ಹರಿಯುತ್ತಿದೆಯೋ ಕಪ್ಪೆಯಂತೆ ನೆಗೆಯುತ್ತಿದೆಯೋ ಎಂಬುದು. ನಿಮಿಷಕ್ಕೆ ಇಷ್ಟು ಎಂದು ಎಣಿಸುವ ಪದ್ಧತಿಗೆ ಸಾಧನ ಒದಗಿಸಿದವನು ಇಂಗ್ಲೆಂಡಿನ ವೈದ್ಯ ಜಾನ್ ಫ್ಲಾಯರ್. ಸರಿಯಾಗಿ ಒಂದು ನಿಮಿಷ ನಡೆದು ನಿಲ್ಲುವ ಗಡಿಯಾರ ಮಾಡಿಸಿ 1707ರಲ್ಲಿ ಅದರ ಬಗ್ಗೆ ಪುಸ್ತಕವನ್ನೇ ಬರೆದ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಹಾಲೆಂಡಿನ ವಿಲ್ಲೆಮ್ ಐಂಥೋವನ್ ಹೃದಯದ ವಿದ್ಯುತ್ತನ್ನು ಕಾಗದದ ಮೇಲೆ ಗೆರೆಯಾಗಿ ಇಳಿಸಿದರು. ಇಸಿಜಿಯ ಈ ಕೆಲಸಕ್ಕೆ 1924ರಲ್ಲಿ ನೊಬೆಲ್ ಪ್ರಶಸ್ತಿ ಬಂತು. ಆ ಯಂತ್ರ ಮೇಜಿನಿಂದ ಕದಲುವಂತಿರಲಿಲ್ಲ. 1940ರ ದಶಕದಲ್ಲಿ ಅಮೆರಿಕದ ನಾರ್ಮನ್ ಹೋಲ್ಟರ್ ಅದನ್ನು ಬೆನ್ನಿಗೆ ಹೊರುವಂತೆ ಮಾಡಿದರು, ಆದರೆ ಆ ಹೊರೆ 38 ಕಿಲೊ ತೂಗುತ್ತಿತ್ತು. ಓಡುವವನ ಮೈಮೇಲೆ ಭಾರವೇ ಆಗದಂತೆ ಮಾಡಿದ ಹೆಜ್ಜೆ ಫಿನ್‌ಲ್ಯಾಂಡಿನ ಉತ್ತರದಿಂದ ಬಂತು. ಔಲು ವಿಶ್ವವಿದ್ಯಾಲಯದ ಎಲೆಕ್ಟ್ರಾನಿಕ್ಸ್ ಪ್ರಾಧ್ಯಾಪಕ ಸೆಪ್ಪೊ ಸ್ಯಾಯ್ನಾಯಾಕಂಗಾಸ್ 1977ರಲ್ಲಿ ಹತ್ತಿರದ ಕೆಂಪೆಲೆಯಲ್ಲಿ ಪೋಲಾರ್ ಕಂಪನಿ ಕಟ್ಟಿದರು. 1982ರಲ್ಲಿ ಅದು ‘ಸ್ಪೋರ್ಟ್ ಟೆಸ್ಟರ್ ಪಿಇ 2000’ ಎಂಬ ಮೊದಲ ನಿಸ್ತಂತು ಸಾಧನವನ್ನು ತಂದಿತು. ಎದೆಯಲ್ಲಿ ಪಟ್ಟಿ, ಕೈಯಲ್ಲಿ ಗಡಿಯಾರ, ನಡುವೆ ತಂತಿಯಿಲ್ಲ. ಹಿಮದಲ್ಲಿ ಸ್ಕೀ ಮಾಡುತ್ತಾ ಏರಿಳಿಯುವವರ ನಾಡು ಇದಕ್ಕೆ ತವರಾದದ್ದು ಸಹಜವೇ. ಏರು, ಇಳಿಜಾರು, ಹಿಮದ ಗಡಸುತನ ಇವೆಲ್ಲ ಬದಲಾಗುತ್ತಿದ್ದರೆ ಕಿಲೊಮೀಟರಿಗೆ ಎಷ್ಟು ನಿಮಿಷ ಎಂಬ ಲೆಕ್ಕ ತರಬೇತುದಾರನಿಗೆ ಏನನ್ನೂ ಹೇಳುವುದಿಲ್ಲ. ಒಳಗಿನ ಶ್ರಮವನ್ನು ತೋರಿಸುವ ಇನ್ನೊಂದು ಅಳತೆ ಬೇಕಾಗುತ್ತದೆ.

ಎದೆಪಟ್ಟಿಯ ಕೆಲಸ ಇಸಿಜಿಯ ಚಿಕ್ಕ ರೂಪ. ಪಟ್ಟಿಯ ಒಳಬದಿಯಲ್ಲಿ ಎರಡು ವಾಹಕ ತುಂಡುಗಳಿರುತ್ತವೆ. ಹೃದಯದ ಕೆಳಗಿನ ಕೋಣೆಗಳು ಸಂಕುಚಿಸುವ ಮುನ್ನ ಹೊಮ್ಮುವ ಚೂಪಾದ ವಿದ್ಯುತ್ ಏರಿಕೆಯನ್ನು ಅವು ಹಿಡಿಯುತ್ತವೆ, ಎರಡು ಏರಿಕೆಗಳ ನಡುವಿನ ಕಾಲವನ್ನು ಮಿಲಿಸೆಕೆಂಡುಗಳಲ್ಲಿ ಅಳೆಯುತ್ತವೆ. ಆ ಅಂತರ 500 ಮಿಲಿಸೆಕೆಂಡ್ ಆದರೆ ಬಡಿತ ನಿಮಿಷಕ್ಕೆ 120. ಒಣಚರ್ಮ ವಿದ್ಯುತ್ತನ್ನು ಸರಿಯಾಗಿ ಬಿಟ್ಟುಕೊಡದ ಕಾರಣ ಪಟ್ಟಿಯನ್ನು ನೀರಿನಲ್ಲಿ ಒದ್ದೆ ಮಾಡಿ ಕಟ್ಟಬೇಕು. ಹಾಗೆ ಮಾಡದವರಿಗೆ ಮೊದಲ ಐದು ಹತ್ತು ನಿಮಿಷ ಬೆವರು ಇಳಿಯುವ ತನಕ ಅರ್ಥವಿಲ್ಲದ ಅಂಕಿಗಳು ಕಾಣುತ್ತವೆ. ಮಣಿಕಟ್ಟಿನ ಗಡಿಯಾರದ ದಾರಿಯೇ ಬೇರೆ. ರಕ್ತ ಹಸಿರು ಬೆಳಕನ್ನು ಚೆನ್ನಾಗಿ ಹೀರುತ್ತದೆ. ಪ್ರತಿ ಬಡಿತಕ್ಕೂ ಚರ್ಮದಡಿಯ ಸಣ್ಣ ನಾಳಗಳು ತುಂಬಿ ಇಳಿಯುವುದರಿಂದ, ಎಲ್‌ಇಡಿಯ ಬೆಳಕಿನಲ್ಲಿ ಮರಳಿ ಬರುವ ಪಾಲು ಅಷ್ಟಷ್ಟು ಹೆಚ್ಚುಕಡಿಮೆಯಾಗುತ್ತದೆ. ಗಡಿಯಾರ ಎಣಿಸುವುದು ಈ ಏರಿಳಿತವನ್ನು. 1930ರ ದಶಕದ ಕೊನೆಯಲ್ಲಿ ಅಮೆರಿಕದ ಶರೀರಶಾಸ್ತ್ರಜ್ಞ ಆಲ್ರಿಕ್ ಹರ್ಟ್ಜ್‌ಮನ್ ತೋರಿಸಿಕೊಟ್ಟ ವಿಧಾನ ಇದು. ತೊಂದರೆಯೆಂದರೆ ಓಡುವಾಗ ಕೈ ಬೀಸುತ್ತದೆ, ಬೀಸಿದ ಪ್ರತಿ ಸಲವೂ ರಕ್ತ ಅತ್ತಿತ್ತ ಸರಿಯುತ್ತದೆ, ಗಡಿಯಾರವೂ ಕೊಂಚ ಅಲುಗುತ್ತದೆ. ಓಟಗಾರನ ಹೆಜ್ಜೆ ನಿಮಿಷಕ್ಕೆ 160ರಿಂದ 180ರ ಆಸುಪಾಸು. ಜೋರಾಗಿ ಓಡುವವನ ಬಡಿತವೂ ಅದೇ ಆಸುಪಾಸು. ಹೀಗಾಗಿ ಗಡಿಯಾರ ಹೃದಯವನ್ನು ಬಿಟ್ಟು ಹೆಜ್ಜೆಯನ್ನು ಎಣಿಸತೊಡಗುವುದುಂಟು. ಆರಾಮವಾಗಿ ಮಾತಾಡಿಕೊಂಡು ಓಡುತ್ತಿರುವವನ ಪರದೆಯ ಮೇಲೆ 172 ಎಂದು ಬಂದು ಅಲ್ಲೇ ಅಲುಗಾಡದೆ ನಿಂತರೆ, ಅದು ಹೆಚ್ಚಾಗಿ ಅವನ ಕಾಲಿನ ಲೆಕ್ಕ. ಗಡಿಯಾರದ ಒಳಗಿನ ಚಲನೆಯ ಸೆನ್ಸರ್ ಈ ಗೊಂದಲವನ್ನು ಕಳೆಯಲು ಯತ್ನಿಸುತ್ತದೆ. ಮಣಿಕಟ್ಟಿನ ಮೂಳೆಯಿಂದ ಎರಡು ಬೆರಳಷ್ಟು ಮೇಲೆ, ಜಾರದಂತೆ ಬಿಗಿಯಾಗಿ ಕಟ್ಟುವುದು ಅದಕ್ಕಿಂತ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಎಣಿಕೆಯ ನಿಖರತೆಯನ್ನು ಸ್ವತಂತ್ರವಾಗಿ ಪರೀಕ್ಷಿಸಿದ ಅಧ್ಯಯನಗಳು ಸಾಕಷ್ಟಿವೆ. ಅಮೆರಿಕದ ಕ್ಲೀವ್‌ಲ್ಯಾಂಡ್ ಕ್ಲಿನಿಕ್ 50 ಜನರನ್ನು ಟ್ರೆಡ್‌ಮಿಲ್ ಮೇಲೆ ಓಡಿಸಿ ಇಸಿಜಿಯ ಜೊತೆ ಹೋಲಿಸಿದಾಗ ಎದೆಪಟ್ಟಿಯ ಹೊಂದಾಣಿಕೆ 0.99 ಬಂತು, ಮಣಿಕಟ್ಟಿನ ಸಾಧನಗಳದು 0.83ರಿಂದ 0.91ರ ನಡುವೆ ಇತ್ತು. 2017ರಲ್ಲಿ ಸ್ಟ್ಯಾನ್‌ಫರ್ಡ್‌ನವರು 60 ಜನರ ಮೇಲೆ ಏಳು ಸಾಧನಗಳನ್ನು ಪರೀಕ್ಷಿಸಿದರು; ಆರರಲ್ಲಿ ಬಡಿತದ ತಪ್ಪು ಶೇಕಡ 5ಕ್ಕಿಂತ ಕಡಿಮೆ. ಅದೇ ಸಾಧನಗಳು ಹೇಳಿದ ಕ್ಯಾಲೊರಿ ಲೆಕ್ಕ ಮಾತ್ರ ಅತ್ಯುತ್ತಮ ಸಾಧನದಲ್ಲೂ ಸರಾಸರಿ ಶೇಕಡ 27ರಷ್ಟು, ಅತಿ ಕಳಪೆಯದರಲ್ಲಿ ಶೇಕಡ 93ರಷ್ಟು ತಪ್ಪಿತ್ತು. ‘ಇಷ್ಟು ಕ್ಯಾಲೊರಿ ಕರಗಿಸಿದೆ, ಇನ್ನು ಒಂದು ಮಸಾಲೆ ದೋಸೆ ತಿನ್ನಬಹುದು’ ಎಂದು ಗಡಿಯಾರ ನೋಡಿ ಲೆಕ್ಕ ಹಾಕುವುದಕ್ಕೆ ಆಧಾರವಿಲ್ಲ ಎಂದಾಯಿತು. ಕಪ್ಪು, ಕಂದು ಚರ್ಮದ ಮೆಲನಿನ್ ಹಸಿರು ಬೆಳಕನ್ನು ತಾನೂ ಹೀರುವುದರಿಂದ ನಮ್ಮಂಥವರಲ್ಲಿ ಲೆಕ್ಕ ತಪ್ಪುತ್ತದೆಯೇ ಎಂಬ ಆತಂಕ ನ್ಯಾಯವಾದದ್ದು. ಡ್ಯೂಕ್ ವಿಶ್ವವಿದ್ಯಾಲಯ 2020ರಲ್ಲಿ ಎಲ್ಲ ಬಣ್ಣದ ಚರ್ಮದ 53 ಜನರನ್ನು ಪರೀಕ್ಷಿಸಿದಾಗ ಬಣ್ಣದಿಂದ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. ವ್ಯತ್ಯಾಸ ಕಂಡದ್ದು ಒಂದು ಸಾಧನಕ್ಕೂ ಇನ್ನೊಂದಕ್ಕೂ ನಡುವೆ, ವಿಶ್ರಾಂತಿಗೂ ಚಲನೆಗೂ ನಡುವೆ. 53 ಜನರ ಅಧ್ಯಯನ ಕೊನೆಯ ಮಾತಲ್ಲ, ದಕ್ಷಿಣ ಭಾರತದ ಚರ್ಮಗಳ ಮೇಲೆ ದೊಡ್ಡ ಪರೀಕ್ಷೆಗಳು ನಡೆಯಬೇಕು. ಆದರೂ ಒಟ್ಟು ಚಿತ್ರ ಸ್ಪಷ್ಟವಿದೆ. ಒಂದೇ ವೇಗದಲ್ಲಿ ಅರ್ಧ ಗಂಟೆ ಓಡುವವನಿಗೆ ಮಣಿಕಟ್ಟಿನ ಎಣಿಕೆ ಕೆಲಸಕ್ಕೆ ಬರುವಷ್ಟು ಸರಿಯಿರುತ್ತದೆ. ವೇಗ ಏರಿಸಿ ಇಳಿಸಿ ಮಾಡುವ ತರಬೇತಿಗೆ ಎದೆಪಟ್ಟಿಯೇ ಬೇಕು.

ಈಗ ಅಳತೆಗೋಲಿಗೆ ಬರೋಣ. ಹೆಚ್ಚಿನ ಗಡಿಯಾರಗಳು ಬಡಿತವನ್ನು ಐದು ವಲಯಗಳಾಗಿ ಹಂಚುತ್ತವೆ. ಹಂಚುವುದು ಗರಿಷ್ಠ ಬಡಿತದ ಶೇಕಡಾವಾರು ಲೆಕ್ಕದಲ್ಲಿ. ಆ ಗರಿಷ್ಠ ಎಲ್ಲಿಂದ ಬಂತು? 220ರಿಂದ ವಯಸ್ಸನ್ನು ಕಳೆದದ್ದು. ಈ ಸೂತ್ರ ಜಿಮ್‌ನ ಗೋಡೆಯಿಂದ ಹಿಡಿದು ಪಠ್ಯಪುಸ್ತಕದವರೆಗೆ ಹಬ್ಬಿದೆ. ಅದರ ಬೇರು ಹುಡುಕಿದರೆ 1971ರಲ್ಲಿ ಸ್ಯಾಮ್ಯುಯೆಲ್ ಫಾಕ್ಸ್, ವಿಲಿಯಂ ಹ್ಯಾಸ್ಕೆಲ್ ಮುಂತಾದವರು ಬರೆದ ಲೇಖನ ಸಿಗುತ್ತದೆ. ಆಗ ಪ್ರಕಟವಾಗಿದ್ದ ಹತ್ತಾರು ಆಕರಗಳ ಅಂಕಿಗಳ ನಡುವೆ ಕಣ್ಣಂದಾಜಿನಲ್ಲಿ ಎಳೆದ ಗೆರೆ ಅದು. ಆ ಸೂತ್ರಕ್ಕಾಗಿಯೇ ನಡೆದ ಪ್ರಯೋಗ ಯಾವುದೂ ಇರಲಿಲ್ಲ ಎಂದು 2002ರಲ್ಲಿ ರಾಬರ್ಗ್ಸ್ ಮತ್ತು ಲ್ಯಾಂಡ್‌ವೆರ್ ಸೂತ್ರದ ಇತಿಹಾಸ ಕೆದಕಿ ತೋರಿಸಿದರು. ಅದನ್ನು ಕಟ್ಟುನಿಟ್ಟಿನ ನಿಯಮವಾಗಿ ತಾವು ಉದ್ದೇಶಿಸಿರಲಿಲ್ಲ ಎಂದು ಹ್ಯಾಸ್ಕೆಲ್ ಕೂಡ ಮುಂದೆ ಹೇಳಿದ್ದಾರೆ. 2001ರಲ್ಲಿ ಹಿರೋಫುಮಿ ತನಾಕಾ ಮತ್ತು ಸಂಗಡಿಗರು ಹೆಚ್ಚಿನ ಮಾಹಿತಿ ಕಲೆಹಾಕಿ 208ರಿಂದ ವಯಸ್ಸಿನ 0.7 ಪಾಲನ್ನು ಕಳೆಯುವ ಸೂತ್ರ ಕೊಟ್ಟರು. ನಲವತ್ತಕ್ಕೆ ಎರಡೂ 180 ಎನ್ನುತ್ತವೆ. ಅರವತ್ತಕ್ಕೆ ಹಳೆಯದು 160, ಹೊಸದು 166 ಎನ್ನುತ್ತದೆ. ಹೊಸದು ಮೇಲು, ನಿಜ. ಆದರೆ ಯಾವ ಸೂತ್ರವೂ ದಾಟಲಾಗದ ಅಡ್ಡಿ ಒಂದಿದೆ. ಒಂದೇ ವಯಸ್ಸಿನವರ ಗರಿಷ್ಠ ಬಡಿತ ಸರಾಸರಿಯಿಂದ 10 ಬಡಿತದಷ್ಟು ಆಚೀಚೆ ಹರಡಿರುತ್ತದೆ, ಇಪ್ಪತ್ತರಲ್ಲಿ ಒಬ್ಬರಿಗೆ ಅದು 20 ಬಡಿತವನ್ನೂ ಮೀರುತ್ತದೆ. ಗಡಿಯಾರ ಬಡಿತವನ್ನು ಎರಡು ಮೂರು ಅಂಕಿಯೊಳಗೆ ಸರಿಯಾಗಿ ಎಣಿಸಿ, ಬಳಿಕ ಇಪ್ಪತ್ತು ಅಂಕಿ ತಪ್ಪಿದ ಕೋಲಿನ ಮೇಲೆ ಇಟ್ಟು ‘ನೀವು ಐದನೆಯ ವಲಯದಲ್ಲಿದ್ದೀರಿ’ ಎನ್ನುತ್ತದೆ. ಉದಾಹರಣೆಗೆ ಗರಿಷ್ಠ 195 ಇರುವ ನಲವತ್ತರ ಮಹಿಳೆಯೊಬ್ಬರನ್ನು ತೆಗೆದುಕೊಳ್ಳಿ. ಅವರಿಗೆ 145 ಬಡಿತ ಸುಮಾರು ಶೇಕಡ 74, ಹಾಯಾಗಿ ಓಡುವ ಮಟ್ಟ. ಗಡಿಯಾರ 180ರ ಲೆಕ್ಕದಲ್ಲಿ ಅದನ್ನು ಶೇಕಡ 80 ದಾಟಿದೆ ಎಂದು ತೋರಿಸಿ ಎಚ್ಚರಿಕೆ ಕೊಡುತ್ತದೆ. ಗರಿಷ್ಠ 165 ಇರುವ ಅದೇ ವಯಸ್ಸಿನವರಿಗೆ ಅದೇ 145 ನಿಜಕ್ಕೂ ಶೇಕಡ 88, ಬಹುಹೊತ್ತು ತಾಳಲಾಗದ ಶ್ರಮ. ಒಂದೇ ಗಡಿಯಾರ, ಒಂದೇ ವಲಯ, ಇಬ್ಬರಿಗೂ ತಪ್ಪು ಸಲಹೆ, ಅದೂ ವಿರುದ್ಧ ದಿಕ್ಕುಗಳಲ್ಲಿ.

ಈ ಕೊರತೆಯನ್ನು ಅರ್ಧ ತುಂಬುವ ವಿಧಾನ 1957ರಷ್ಟು ಹಳೆಯದು, ಅದೂ ಫಿನ್‌ಲ್ಯಾಂಡಿನದೇ. ಮಾರ್ಟಿ ಕಾರ್ವೊನೆನ್ ಮತ್ತು ಸಂಗಡಿಗರು ಕೆಲವೇ ವೈದ್ಯಕೀಯ ವಿದ್ಯಾರ್ಥಿಗಳನ್ನು ಟ್ರೆಡ್‌ಮಿಲ್ ಮೇಲೆ ಓಡಿಸಿ, ವಿಶ್ರಾಂತಿಯ ಬಡಿತಕ್ಕೂ ಗರಿಷ್ಠಕ್ಕೂ ನಡುವಿನ ಅಂತರದ ಪಾಲಿನಲ್ಲಿ ಶ್ರಮವನ್ನು ಅಳೆದರು. ಗರಿಷ್ಠ 180, ವಿಶ್ರಾಂತಿಯಲ್ಲಿ 60 ಇದ್ದರೆ ಅಂತರ 120; ಅದರ ಶೇಕಡ 70 ಎಂದರೆ 84, ಅದಕ್ಕೆ 60 ಕೂಡಿಸಿದರೆ 144. ನೇರ ಶೇಕಡ 70 ಹಿಡಿದರೆ ಬರುವುದು 126. ಒಂದೇ ‘ಶೇಕಡ 70’ಕ್ಕೆ ಎರಡು ಲೆಕ್ಕಗಳಲ್ಲಿ 18 ಬಡಿತದ ವ್ಯತ್ಯಾಸ! ಯಾವ ಲೆಕ್ಕ ಬಳಸುತ್ತಿದೆ ಎಂಬುದನ್ನು ಗಡಿಯಾರದ ಸೆಟ್ಟಿಂಗ್ಸ್‌ನಲ್ಲಿ ಹುಡುಕಿ ನೋಡದೆ ಒಬ್ಬರ ವಲಯವನ್ನು ಇನ್ನೊಬ್ಬರದಕ್ಕೆ ಹೋಲಿಸುವುದು ವ್ಯರ್ಥ. ಇದಕ್ಕಿಂತ ಒಳ್ಳೆಯ ದಾರಿ ಸ್ವಂತ ಪರೀಕ್ಷೆ. ಅಮೆರಿಕದ ತರಬೇತುದಾರ ಜೋ ಫ್ರೀಲ್ ಪ್ರಚಾರಕ್ಕೆ ತಂದ ವಿಧಾನದಲ್ಲಿ ಚೆನ್ನಾಗಿ ಮೈ ಬಿಸಿ ಮಾಡಿಕೊಂಡು, ಸಮತಟ್ಟಾದ ದಾರಿಯಲ್ಲಿ 30 ನಿಮಿಷ ಒಂಟಿಯಾಗಿ, ಆ ಹೊತ್ತಿಗೆ ಸಾಧ್ಯವಾದಷ್ಟು ಜೋರಾಗಿ ಓಡಬೇಕು. ಕೊನೆಯ 20 ನಿಮಿಷದ ಸರಾಸರಿ ಬಡಿತವೇ ರಕ್ತದಲ್ಲಿ ಲ್ಯಾಕ್ಟೇಟ್ ಏರತೊಡಗುವ ಹೊಸ್ತಿಲಿಗೆ ಹತ್ತಿರದ ಅಂದಾಜು. ಆ ಸಂಖ್ಯೆಯನ್ನು ಗಡಿಯಾರಕ್ಕೆ ಕೈಯಾರೆ ತುಂಬಿಸಿದರೆ ವಲಯಗಳು ಮೊದಲ ಬಾರಿಗೆ ಆ ಓಟಗಾರನವೇ ಆಗುತ್ತವೆ. ಸಕ್ಕರೆ ಕಾಯಿಲೆ, ರಕ್ತದೊತ್ತಡ, ಮನೆಯಲ್ಲಿ ಹೃದ್ರೋಗದ ಇತಿಹಾಸ ಇರುವವರು, ಬಹುಕಾಲ ಕುಳಿತೇ ಇದ್ದವರು ವೈದ್ಯರಿಗೆ ತೋರಿಸದೆ ಈ ಪರೀಕ್ಷೆಗೆ ಇಳಿಯಬಾರದು. ಅಂಥವರಿಗೆ, ಹಾಗೂ ಹೊಸಬರಿಗೆ, ಸುಲಭದ ಉಪಾಯ ಮಾತು. ಪೂರ್ತಿ ವಾಕ್ಯ ಆಡುತ್ತಾ ಓಡಲು ಆಗುವ ತನಕ ಬಡಿತ ಎಷ್ಟಿರುತ್ತದೆ ಎಂದು ಕೆಲವು ದಿನ ಗಮನಿಸಿದರೆ ತಮ್ಮ ಹಗುರ ಓಟದ ಗಡಿ ತಾನೇ ಗೊತ್ತಾಗುತ್ತದೆ.

ಗಡಿ ಸಿಕ್ಕಿತೆಂದ ಮಾತ್ರಕ್ಕೆ ಸಂಖ್ಯೆ ಪ್ರತಿದಿನ ಒಂದೇ ಅರ್ಥ ಕೊಡುವುದಿಲ್ಲ. ಬಡಿತ ಅಳೆಯುವುದು ಮಾಡಿದ ಕೆಲಸವನ್ನಲ್ಲ, ಆ ಕೆಲಸಕ್ಕೆ ಅಂದಿನ ದೇಹ ಕೊಟ್ಟ ಪ್ರತಿಕ್ರಿಯೆಯನ್ನು. ಒಂದೇ ವೇಗದಲ್ಲಿ ಒಂದು ಗಂಟೆ ಓಡಿದರೆ ಕೊನೆಯ ಹೊತ್ತಿಗೆ ಬಡಿತ ಹತ್ತು ಹದಿನೈದು ಏರುವುದು ಸಾಮಾನ್ಯ. ಮೈ ತಣಿಸಲು ರಕ್ತ ಚರ್ಮದತ್ತ ಹರಿಯುತ್ತದೆ, ಬೆವರಿನಲ್ಲಿ ನೀರು ಹೋಗಿ ರಕ್ತದ ಪ್ರಮಾಣ ಇಳಿಯುತ್ತದೆ, ಒಂದೊಂದು ಬಡಿತಕ್ಕೆ ಹೃದಯ ದೂಡುವ ರಕ್ತ ಕಡಿಮೆಯಾಗುತ್ತದೆ. ಕೊರತೆ ತುಂಬಲು ಬಡಿತ ಹೆಚ್ಚಬೇಕಾಗುತ್ತದೆ. ಸಮುದ್ರಮಟ್ಟದಿಂದ 900 ಮೀಟರ್ ಮೇಲಿರುವ ಬೆಂಗಳೂರಿನ ಡಿಸೆಂಬರ್ ಮುಂಜಾವಿನಲ್ಲಿ 140ಕ್ಕೆ ನಿಲ್ಲುವ ಓಟ ಮಂಗಳೂರಿನ ಏಪ್ರಿಲ್ ಸೆಕೆಯಲ್ಲಿ ಅದೇ ವೇಗಕ್ಕೆ 155 ದಾಟಿದರೆ ಓಟಗಾರ ಕೆಟ್ಟಿದ್ದಾನೆ ಎಂದಲ್ಲ, ಬೆವರು ಆರದ ಗಾಳಿಯಲ್ಲಿ ದೇಹ ಹೆಚ್ಚು ಕೆಲಸ ಮಾಡುತ್ತಿದೆ. ನಿದ್ದೆಗೆಟ್ಟ ರಾತ್ರಿ, ಬರಲಿರುವ ಜ್ವರ, ಓಟಕ್ಕೆ ಮುನ್ನ ಕುಡಿದ ಗಟ್ಟಿ ಫಿಲ್ಟರ್ ಕಾಫಿ ಎಲ್ಲವೂ ಬಡಿತದಲ್ಲಿ ಕಾಣಿಸಿಕೊಳ್ಳಬಹುದು. ಬಡಿತಕ್ಕೆ ತಡವೂ ಇದೆ: 200 ಮೀಟರ್ ಬಿರುಸಿನ ಓಟ ಮುಗಿದು ನಿಂತ ಮೇಲೆಯೇ ಅದು ತುದಿ ಮುಟ್ಟೀತು. ಇವನ್ನೆಲ್ಲ ಹಿಡಿದು, ಇಷ್ಟು ಸಂಗತಿಗಳಿಗೆ ಅಲುಗುವ ಅಳತೆ ಯಾಕೆ ಬೇಕು, ವೇಗ ನೋಡಿದರೆ ಸಾಲದೇ ಎಂದು ಕೇಳುವವರಿದ್ದಾರೆ. ಅಲುಗುವುದೇ ಅದರ ಉಪಯೋಗ ಎಂಬುದು ಉತ್ತರ. ವೇಗದ ಲೆಕ್ಕಕ್ಕೆ ಸೆಕೆಯೂ ಗೊತ್ತಿಲ್ಲ, ಜ್ವರವೂ ಗೊತ್ತಿಲ್ಲ. ಅದನ್ನೇ ನಂಬಿದವನು ಮೈ ಸರಿಯಿಲ್ಲದ ದಿನವೂ ನಿಗದಿಯಾದ ವೇಗವನ್ನೇ ಹೊಡೆಯುತ್ತಾನೆ. ಎರಡನ್ನೂ ಜೊತೆಗಿಟ್ಟರೆ ಮಾತ್ರ ಪ್ರಗತಿ ಕಾಣುತ್ತದೆ. ಅದೇ ದಾರಿ, ಹೆಚ್ಚುಕಡಿಮೆ ಅದೇ ಹವೆ, ಅದೇ 140 ಬಡಿತ. ಆರು ತಿಂಗಳ ಹಿಂದೆ ಕಿಲೊಮೀಟರಿಗೆ ಏಳೂವರೆ ನಿಮಿಷ ಬೇಕಾಗಿದ್ದಲ್ಲಿ ಈಗ ಏಳು ಸಾಕಾದರೆ ಹೃದಯ, ರಕ್ತನಾಳ, ಸ್ನಾಯು ಮೂರೂ ಬದಲಾಗಿವೆ ಎಂದು ನಂಬಬಹುದು.

ಗಡಿಯಾರದಿಂದ ಆಗುವ ಅತಿ ದೊಡ್ಡ ಲಾಭ ಹೊಸಬರು ನಿರೀಕ್ಷಿಸುವುದಕ್ಕೆ ತದ್ವಿರುದ್ಧವಾದದ್ದು: ಅದು ನಿಧಾನ ಓಡಿಸುತ್ತದೆ. ನಾರ್ವೆಯಲ್ಲಿ ಕೆಲಸ ಮಾಡುವ ಸ್ಟೀಫನ್ ಸೈಲರ್ ಸ್ಕೀ, ದೋಣಿ, ಓಟ, ಸೈಕಲ್ ಕ್ರೀಡೆಗಳ ಉನ್ನತ ಮಟ್ಟದವರ ತರಬೇತಿ ದಿನಚರಿಗಳನ್ನು ನೋಡಿದಾಗ ಸುಮಾರು ಶೇಕಡ 80ರಷ್ಟು ಅಭ್ಯಾಸ ಹಗುರವಾಗಿಯೇ ನಡೆದಿರುವುದು ಕಂಡಿತು. ಹವ್ಯಾಸಿಗಳು ಇದಕ್ಕೆ ಉಲ್ಟಾ. ಹಗುರ ಓಟದ ದಿನ ಪಕ್ಕದವನು ಮುಂದೆ ಹೋದನೆಂದು ವೇಗ ಹೆಚ್ಚಿಸುತ್ತಾರೆ, ಜೋರು ಓಟದ ದಿನ ಆ ದಣಿವಿನಿಂದ ಜೋರಾಗಿ ಓಡಲಾಗದೆ ಮಧ್ಯಮದಲ್ಲೇ ಉಳಿಯುತ್ತಾರೆ. ಸ್ನಾಯುಗಳಲ್ಲಿ ಮೈಟೊಕಾಂಡ್ರಿಯ ಮತ್ತು ಸೂಕ್ಷ್ಮ ರಕ್ತನಾಳ ಬೆಳೆಯಲು ದೀರ್ಘಕಾಲದ ಹಗುರ ಶ್ರಮ ಬೇಕು, ಮಾರನೆಯ ದಿನಕ್ಕೆ ಮೈ ಚೇತರಿಸಿಕೊಳ್ಳಲೂ ಬೇಕು. ಇಲ್ಲಿ ಎದುರಾಗುವ ಗಂಭೀರ ಆಕ್ಷೇಪವೆಂದರೆ, ದಣಿವು ದೇಹಕ್ಕೇ ಗೊತ್ತಾಗುತ್ತದೆ, ಯಂತ್ರ ಯಾಕೆ ಎಂಬುದು. ಇದಕ್ಕೆ ವಿಜ್ಞಾನದ ಬೆಂಬಲವೂ ಇದೆ. ಸ್ವೀಡನ್ನಿನ ಮನಶ್ಶಾಸ್ತ್ರಜ್ಞ ಗುನ್ನಾರ್ ಬೋರ್ಗ್ ಶ್ರಮದ ಅನಿಸಿಕೆಯನ್ನು 6ರಿಂದ 20ರವರೆಗಿನ ಅಂಕದಲ್ಲಿ ಹೇಳುವ ಪಟ್ಟಿ ಮಾಡಿದರು. ಆರೋಗ್ಯವಂತ ಯುವಕರಲ್ಲಿ ಆ ಅಂಕದ ಹತ್ತರಷ್ಟು ಸುಮಾರಾಗಿ ಬಡಿತಕ್ಕೆ ಸಮ. ಅನುಭವಿ ಓಟಗಾರರಿಗೆ ಆ ಅನಿಸಿಕೆ ಸಾಕು ಎಂಬುದನ್ನು ಒಪ್ಪಬೇಕು. ಆದರೆ ಅದು ಕಲಿತು ಬರುವ ವಿದ್ಯೆ. ಗುಂಪಿನ ಹುರುಪಿನಲ್ಲಿ, ಸ್ಪರ್ಧೆಯ ಮೊದಲ ಎರಡು ಕಿಲೊಮೀಟರಿನಲ್ಲಿ, 45 ವಯಸ್ಸಿಗೆ ಮೊದಲ ಬಾರಿ ಶೂ ಕಟ್ಟಿದವರಲ್ಲಿ ಅದು ಮೋಸ ಮಾಡುತ್ತದೆ. ‘ಈಗ ಎಷ್ಟಿರಬಹುದು’ ಎಂದು ಮೊದಲು ಊಹಿಸಿ ಆಮೇಲೆ ಗಡಿಯಾರ ನೋಡುವವರಿಗೆ ಊಹೆ ಬೇಗ ಪಳಗುತ್ತದೆ. ಗಡಿಯಾರವನ್ನು ಹೀಗೆ ಬಳಸುವುದು ಅದನ್ನು ಬಳಸುವ ಅತ್ಯುತ್ತಮ ರೀತಿ ಎಂದು ನನ್ನ ಅಭಿಪ್ರಾಯ.

ಆರೋಗ್ಯರಕ್ಷಣೆಯ ವಿಷಯದಲ್ಲಿ ಮಾತು ಇನ್ನಷ್ಟು ಎಚ್ಚರದಿಂದ ಆಡಬೇಕು. 2021ರ ಅಕ್ಟೋಬರ್ 29ರಂದು 46 ವಯಸ್ಸಿನ ಚಿತ್ರನಟ ಪುನೀತ್ ರಾಜ್‌ಕುಮಾರ್ ಹೃದಯಾಘಾತದಿಂದ ತೀರಿಕೊಂಡ ಮೇಲೆ ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆಯಲ್ಲಿ ತಪಾಸಣೆಗೆ ಬರುವವರ ಸಾಲು ಒಮ್ಮೆಲೇ ಬೆಳೆಯಿತು. ಆ ಭಯದಲ್ಲಿ, ಬಡಿತ ನೋಡುವ ಗಡಿಯಾರ ಕಟ್ಟಿಕೊಂಡರೆ ಹೃದಯಾಘಾತದ ಮುನ್ಸೂಚನೆ ಸಿಗುತ್ತದೆ ಎಂದು ನಂಬುವವರಿದ್ದಾರೆ. ಆ ನಂಬಿಕೆ ತಪ್ಪು. ಹೃದಯಕ್ಕೆ ರಕ್ತ ಒಯ್ಯುವ ನಾಳದಲ್ಲಿ ಕೊಬ್ಬಿನ ಗಂಟು ಬೆಳೆಯುತ್ತಿದ್ದರೂ ಬಡಿತದ ಎಣಿಕೆ ಪೂರ್ತಿ ಸಹಜವಾಗಿರಬಹುದು. ಮಣಿಕಟ್ಟಿನ ಯಾವ ಗಡಿಯಾರವೂ ಆ ಅಡಚಣೆಯನ್ನು ಕಾಣಲಾರದು. ಗಡಿಯಾರ ಕಾಣಬಲ್ಲದ್ದು ಲಯದ ತಪ್ಪನ್ನು. 2019ರಲ್ಲಿ ಪ್ರಕಟವಾದ ಆ್ಯಪಲ್ ಹಾರ್ಟ್ ಸ್ಟಡಿಯಲ್ಲಿ 4,19,297 ಜನರಿದ್ದರು. ಅನಿಯಮಿತ ಬಡಿತದ ಸೂಚನೆ ಬಂದದ್ದು 2,161 ಮಂದಿಗೆ, ಅಂದರೆ ಶೇಕಡ 0.52. ಅವರಲ್ಲಿ ಇಸಿಜಿ ಪ್ಯಾಚ್ ಧರಿಸಿ ಮರಳಿಸಿದ 450 ಜನರ ಪೈಕಿ ಶೇಕಡ 34ರಷ್ಟು ಮಂದಿಯಲ್ಲಿ ಏಟ್ರಿಯಲ್ ಫಿಬ್ರಿಲೇಷನ್ ಕಂಡಿತು. ಪಾರ್ಶ್ವವಾಯುವಿಗೆ ದಾರಿಮಾಡುವ ಈ ತೊಂದರೆಯನ್ನು ಮೊದಲೇ ಹಿಡಿಯುವುದು ಸಣ್ಣ ಸಂಗತಿಯಲ್ಲ, ಹಾಗೆಂದು ಅದು ಎದೆನೋವಿಗೆ ಉತ್ತರವೂ ಅಲ್ಲ. ಓಡುವಾಗ ಎದೆ ಬಿಗಿದರೆ, ದವಡೆಗೋ ಎಡತೋಳಿಗೋ ನೋವು ಹರಿದರೆ, ತಲೆ ಸುತ್ತಿದರೆ ಪರದೆಯಲ್ಲಿ ಯಾವ ಸಂಖ್ಯೆಯಿದ್ದರೂ ನಿಲ್ಲಿಸಿ ಆಸ್ಪತ್ರೆಗೆ ಹೋಗಬೇಕು. ರಕ್ತದೊತ್ತಡಕ್ಕೆ ಬೀಟಾ ಬ್ಲಾಕರ್ ಮಾತ್ರೆ ತೆಗೆದುಕೊಳ್ಳುವವರಲ್ಲಿ ಬಡಿತ ಏರದಂತೆ ಮಾತ್ರೆಯೇ ತಡೆಯುತ್ತದೆ. ಅವರು ವಲಯಗಳನ್ನು ಪಕ್ಕಕ್ಕಿಟ್ಟು ಬೋರ್ಗ್‌ನ ಪಟ್ಟಿಯನ್ನೋ ಮಾತಿನ ಪರೀಕ್ಷೆಯನ್ನೋ ಹಿಡಿಯುವುದು ಸರಿ. ವೈದ್ಯರಿಗೂ ಅರ್ಥವಿರುವ ಒಂದು ಅಳತೆಯನ್ನು ಮನೆಯಲ್ಲೇ ನೋಡಬಹುದು: ಜೋರು ವ್ಯಾಯಾಮ ನಿಲ್ಲಿಸಿದ ಮೊದಲ ನಿಮಿಷದಲ್ಲಿ ಬಡಿತ ಎಷ್ಟು ಇಳಿಯಿತು ಎಂಬುದು. 1999ರಲ್ಲಿ ಕ್ಲೀವ್‌ಲ್ಯಾಂಡ್ ಕ್ಲಿನಿಕ್ 2,428 ಜನರ ಟ್ರೆಡ್‌ಮಿಲ್ ಪರೀಕ್ಷೆಯ ದಾಖಲೆಗಳನ್ನು ಅನುಸರಿಸಿ ನೋಡಿದಾಗ, 12 ಅಥವಾ ಅದಕ್ಕಿಂತ ಕಡಿಮೆ ಇಳಿದವರಲ್ಲಿ ಮುಂದಿನ ವರ್ಷಗಳ ಸಾವಿನ ಪ್ರಮಾಣ ಹೆಚ್ಚಿತ್ತು. ಹಾಗೆ ಇಳಿಯದೇ ಇರುವುದು ದಿನದಿಂದ ದಿನಕ್ಕೆ ಮರುಕಳಿಸಿದರೆ ವೈದ್ಯರ ಮುಂದಿಡಬೇಕಾದ ವಿಷಯವದು, ತಾವೇ ತೀರ್ಪು ಕೊಟ್ಟುಕೊಳ್ಳುವ ವಿಷಯವಲ್ಲ.

ನಿದ್ದೆಯ ಅಂಕ, ಒತ್ತಡದ ಅಂಕ, ಚೇತರಿಕೆಗೆ ಬೇಕಾದ ಗಂಟೆಗಳು ಎಂದೆಲ್ಲ ಗಡಿಯಾರ ಹೇಳುವ ಉಳಿದ ಮಾತುಗಳು ಬಹುಪಾಲು ಬಡಿತ, ಬಡಿತಗಳ ನಡುವಿನ ಅಂತರ ಮತ್ತು ಚಲನೆಯಿಂದಲೇ ಹೆಣೆದ ಊಹೆಗಳು, ಅವುಗಳ ಸೂತ್ರವನ್ನು ಕಂಪನಿಗಳು ಬಿಟ್ಟುಕೊಡುವುದೂ ಅಪರೂಪ. ಅವುಗಳಿಗಿಂತ ಬೆಳಗ್ಗೆ ಏಳುವ ಮುನ್ನ ಮಲಗಿದಲ್ಲೇ ತೋರುವ ಬಡಿತ ಹೆಚ್ಚು ನಂಬಿಕೆಗೆ ಅರ್ಹ. ಎಂದಿನಂತೆ 58 ಇರುವವರಿಗೆ ಎರಡು ಮೂರು ದಿನ 66 ಬಂದರೆ ಜೋರು ಓಟವನ್ನು ಮುಂದೂಡುವುದು ಒಳ್ಳೆಯದು. ಆದರೆ ಸಂಖ್ಯೆ ನೋಡಿದಷ್ಟೂ ಆತಂಕ ಹೆಚ್ಚುವವರಿದ್ದಾರೆ. ಆತಂಕದಿಂದ ಬಡಿತ ಏರುತ್ತದೆ, ಏರಿದ್ದನ್ನು ನೋಡಿ ಮತ್ತೆ ಆತಂಕ. ಅಂಥವರು ಓಡುವಾಗ ಪರದೆಯಿಂದ ಬಡಿತವನ್ನು ತೆಗೆದುಹಾಕಿ, ಮನೆಗೆ ಬಂದು ವಾರಕ್ಕೊಮ್ಮೆ ಗ್ರಾಫ್ ನೋಡಿದರೆ ಸಾಕು. ಕೊಳ್ಳುವವರಿಗೆ ಹೇಳುವುದಾದರೆ, ವಾರಕ್ಕೆ ಮೂರು ನಾಲ್ಕು ದಿನ ಹಗುರವಾಗಿ ಓಡುವವರಿಗೆ, ನಡೆಯುವವರಿಗೆ ಮಣಿಕಟ್ಟಿನ ಸಾಧಾರಣ ಗಡಿಯಾರ ಸಾಕು. ಗರಿಷ್ಠ ಬಡಿತವನ್ನೋ ಹೊಸ್ತಿಲನ್ನೋ ಕೈಯಾರೆ ತುಂಬಲು ಅವಕಾಶವಿದೆಯೇ, ಎದೆಪಟ್ಟಿಯನ್ನು ಜೋಡಿಸಲು ಬರುತ್ತದೆಯೇ ಎಂದು ಅಂಗಡಿಯಲ್ಲೇ ಕೇಳಿಕೊಳ್ಳಬೇಕು. ಮ್ಯಾರಥಾನಿಗೆ ತಯಾರಾಗುವವರು, ಬಿರುಸಿನ ಓಟದ ಸುತ್ತುಗಳನ್ನು ಮಾಡುವವರು ಗಡಿಯಾರದ ಮೇಲೆ ಕೊಂಚ ಕಡಿಮೆ ಖರ್ಚು ಮಾಡಿ ಉಳಿದ ಹಣಕ್ಕೆ ಒಂದು ಎದೆಪಟ್ಟಿ ಕೊಳ್ಳುವುದು ಲೇಸು. ಪಟ್ಟಿಯ ಬ್ಯಾಟರಿ ತಿಂಗಳುಗಟ್ಟಲೆ ಬರುತ್ತದೆ, ಓಟ ಮುಗಿದ ಮೇಲೆ ಬೆವರಿನ ಉಪ್ಪು ಹೋಗುವಂತೆ ನೀರಿನಲ್ಲಿ ತೊಳೆದು ನೆರಳಿನಲ್ಲಿ ಒಣಗಿಸಿದರೆ ಪಟ್ಟಿಯೂ ಬೇಗ ಹಾಳಾಗುವುದಿಲ್ಲ.